ಎರಡು ತರವೂ ಕೂರುತ್ತಿದ್ದ ಕಲ್ಲು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಏಳನೇ ಕ್ಲಾಸಿನ ನಡುವೆ, ಒಂದು ಮಂಗಳವಾರ. ಮಾರನೆಯ ದಿನ ಬುಧವಾರ ಅಪ್ಪನ ಜೊತೆ ಗಾರೆ ಕಲಸೋಕೆ ಹೋದೆ. ಅದಾಗಿ ಮೂವತ್ತು ವರ್ಷಕ್ಕೂ ಮೇಲೆ ಇನ್ನೊಂದು ಬುಧವಾರ ನನ್ನ ಬದುಕಿನಲ್ಲಿ ಬಂದು ಕೂತಿತು. ಹೇಳಬೇಕಾಗಿರೋದು ಅದನ್ನೇ. ಆದರೆ ನಾನು ನೇರವಾಗಿ ಮುಂದಕ್ಕೆ ಹೋಗಿ ಹೇಳುವ ಪೈಕಿ ಅಲ್ಲ. ನೆಲದ ಕೆಲಸದವನು. ನಮ್ಮದೆಲ್ಲ ಹಿಂದಕ್ಕೆ ಸರಿಯೋ ಕಸುಬು.

ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಟೀವಿ ಪಕ್ಕದಲ್ಲಿದ್ದ ಕಲ್ಲನ್ನು ಎತ್ತಿ ನೋಡಿದರು. ಬೂದು ಬಣ್ಣದ ಗ್ರಾನೈಟು, ಓರೆಯಾದ ನಾಲ್ಕು ಮೂಲೆ, ಮೂರು ತುಂಡು ಮಾಡಿ ಪೇಸ್ಟು ಹಾಕಿ ಕೂಡಿಸಿದ್ದು. "ಇದೇನಪ್ಪಾ ಗಂಗಣ್ಣ, ಊರೆಲ್ಲ ಹೊಸ ಕಲ್ಲು ಹಾಕ್ತೀಯ, ಮನೇಲಿ ಒಡಕಲು ಇಟ್ಕೊಂಡಿದ್ದೀಯ?" ಅಂದರು. ನನ್ನ ಹೆಂಡತಿ ಒಳಗಿಂದಲೇ, "ಅದನ್ನ ಮಾತ್ರ ಕೇಳ್ಬೇಡಿ, ಮುದ್ದೆ ಆರೋಗುತ್ತೆ" ಅಂದಳು. ಅವಳ ಪ್ರಕಾರ ಒಡೆದದ್ದು ಮನೆಯಲ್ಲಿರಬಾರದು. ನನ್ನ ಪ್ರಕಾರ ಈ ಮನೆಯಲ್ಲಿ ಇರಲೇಬೇಕಾದ್ದು ಅದೊಂದೇ.

ಓದು ಬಿಟ್ಟ ಕಥೆ ಸಣ್ಣದು. ನಮ್ಮೂರು ಶಿವಗಂಗೆ ಬೆಟ್ಟದ ಬುಡದಲ್ಲಿದೆ. ಸ್ಕೂಲಿನ ಕಿಟಕಿಯಿಂದ ಬೆಟ್ಟ ಪೂರ್ತಿ ಕಾಣುತ್ತಿತ್ತು, ಅದು ನನ್ನ ಓದಿಗೆ ಒಳ್ಳೆಯದು ಮಾಡಲಿಲ್ಲ. ಲೆಕ್ಕದ ಮೇಷ್ಟ್ರು ನನ್ನನ್ನು ಎಬ್ಬಿಸಿ, ತ್ರಿಕೋನದ ಮೂರು ಮೂಲೆ ಕೂಡಿದರೆ ಎಷ್ಟು ಅಂತ ಕೇಳಿದರು. "ಗೊತ್ತಿಲ್ಲ ಸಾ" ಅಂದೆ. ನಿಜ ಹೇಳಿದ್ದೆ. "ಗೊತ್ತಿಲ್ಲ ಅನ್ನೋಕೆ ಇಲ್ಲಿಗ್ಯಾಕಲಾ ಬರ್ತೀಯ? ಹೋಗಿ ನಿಮ್ಮಪ್ಪನ ಜೊತೆ ಗಾರೆ ಕಲಸು" ಅಂದರು. ಕ್ಲಾಸೆಲ್ಲ ನಕ್ಕಿತು. ನಾನು ಚೀಲ ತಗೊಂಡು ಎದ್ದು ಹೊರಟೆ. ನಾನು ಮೇಷ್ಟ್ರ ಮಾತು ಕೇಳಿದ್ದು ಅದೊಂದೇ ಸಲ. ಸಾಯಂಕಾಲ ಅವರೇ ಮನೆ ತನಕ ಬಂದು ಕರೆದರು, ಪಾಪ. ನಾನು ಹುಣಸೆಮರದಿಂದ ಇಳಿಯಲಿಲ್ಲ.

ಅವತ್ತೇ ಒಂದು ತೀರ್ಮಾನ ಮಾಡಿಬಿಟ್ಟೆ: ಇನ್ನು ಸಾಯೋ ತನಕ ಯಾರ ಮುಂದೆಯೂ 'ಗೊತ್ತಿಲ್ಲ' ಅನ್ನಬಾರದು. ಅದನ್ನು ಪಾಲಿಸಿದೆ ಕೂಡ. ಅದರಿಂದ ಬೇರೆಯವರಿಗೆ ತೊಂದರೆ ಆಯಿತು, ನನಗಲ್ಲ. ಒಂದು ಸಲ ನೆಲಮಂಗಲ ಹೈವೇಲಿ ಲಾರಿ ಡ್ರೈವರೊಬ್ಬ ಯಾವುದೋ ಗೋಡೌನಿಗೆ ದಾರಿ ಕೇಳಿದ. ಅದರ ಹೆಸರೇ ನಾನು ಕೇಳಿರಲಿಲ್ಲ. ಆದರೂ ಎಡಕ್ಕೆ, ಬಲಕ್ಕೆ, ಆಮೇಲೆ ಒಂದು ಆಲದಮರ ಅಂತ ಗಂಭೀರವಾಗಿ ಹೇಳಿ ಕಳಿಸಿದೆ. ಎರಡು ಗಂಟೆ ಬಿಟ್ಟು ಅವನು ಅದೇ ಜಾಗಕ್ಕೆ ವಾಪಸು ಬಂದ. ನಾನು ಇನ್ನೂ ಅಲ್ಲೇ ಟೀ ಕುಡಿಯುತ್ತಿದ್ದೆ. ಆಮೇಲೆ ನಡೆದ ಮಾತುಕತೆ ಇಲ್ಲಿ ಬೇಡ.

ನೆಲದ ಮೇಲಿನ ಪ್ರೀತಿ ಮಾತ್ರ ಅವ್ವನಿಂದ ಬಂದದ್ದು. ನಮ್ಮದು ಮಣ್ಣಿನ ನೆಲ. ಶುಕ್ರವಾರ ಅವ್ವ ಸಗಣಿ ಸಾರಿಸುತ್ತಿದ್ದಳು. ಒಳಗಿನ ಮೂಲೆಯಿಂದ ಶುರು ಮಾಡಿ, ಕೂತಲ್ಲೇ ಹಿಂದಕ್ಕೆ ಸರಿಯುತ್ತಾ, ಬಾಗಿಲಿಗೆ ಬಂದು ಮುಗಿಸುವಳು. ಅವಳ ಕೈ ಓಡಿದ ಗುರುತು ನೆಲದ ಮೇಲೆ ಅರ್ಧ ಅರ್ಧ ಚಂದ್ರನ ಹಾಗೆ ಮೂಡುತ್ತಿತ್ತು, ಒಂದರ ಬೆನ್ನಿಗೆ ಒಂದು. ಒಣಗುವ ತನಕ ಹೊಸ್ತಿಲ ಮೇಲೆ ಕೂತು ನಾನು ಅದನ್ನು ಎಣಿಸುತ್ತಿದ್ದೆ. ಇವತ್ತಿಗೂ ಯಾವ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುವುದಿಲ್ಲ, ನೆಲ ನೋಡುತ್ತೇನೆ. ತಲೆ ತಗ್ಗಿಸಿಕೊಂಡು ಬರುವ ವಿನಯವಂತ ಅಂತ ಹೆಣ್ಣು ಕೊಟ್ಟರು. ಅವರ ನಡುಮನೆಯ ರೆಡ್ ಆಕ್ಸೈಡ್ ಎರಡು ಕಡೆ ಬಿರುಕು ಬಿಟ್ಟಿತ್ತು, ನಾನು ನೋಡುತ್ತಿದ್ದದ್ದು ಅದನ್ನ.

ಇರಲಿ. ದೇವನಹಳ್ಳಿ ಕಡೆ ಒಂದು ಯೂನಿವರ್ಸಿಟಿಯ ಗಣಿತದ ವಿಭಾಗದಲ್ಲಿ ಹೊಸ ಸೆಮಿನಾರ್ ಹಾಲಿಗೆ ನೆಲ ಹಾಕಬೇಕು ಅಂತ ಕರೆ ಬಂತು. ನಾನು, ನನ್ನ ಭಾಮೈದ ಮುನಿರಾಜು ಹೋದೆವು. ವಿಭಾಗದ ಮುಖ್ಯಸ್ಥೆ ವಸುಂಧರಾ ಮೇಡಂ. ಹತ್ತಿಯ ಸೀರೆ, ಕೈಯೆಲ್ಲ ಸೀಮೆಸುಣ್ಣ. ನಾನು ಮೂರಡಿ, ನಾಲ್ಕಡಿ, ಐದಡಿ ದಾರ ಕಟ್ಟಿ ಮೂಲೆ ಹಿಡಿಯುತ್ತಿದ್ದರೆ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಇಬ್ಬರು ಹುಡುಗರನ್ನ ಕರೆದು, "ನೋಡ್ರೋ, ಇವರು ಮಾಡ್ತಿರೋದೇನು ಅಂತ ಹೇಳ್ರೋ" ಅಂದರು. ನನಗೆ ಆಶ್ಚರ್ಯ. ಮೂಲೆ ಹಿಡಿಯೋದನ್ನ ನೋಡೋಕೆ ಎಂ.ಎಸ್ಸಿ. ಓದಬೇಕಾ?

ಕಲ್ಲುಗಳು ಕೊರೆದು ಬಂದಿದ್ದವು. ಎರಡೇ ತರ. ಎರಡಕ್ಕೂ ನಾಲ್ಕು ಬದಿ, ಬದಿ ಎಲ್ಲ ಒಂದೇ ಉದ್ದ. ಬೂದು ಬಣ್ಣದ್ದು ಸ್ವಲ್ಪ ದಪ್ಪಗೆ ಹರಡಿಕೊಂಡಿತ್ತು, ಕಪ್ಪುದು ಸಣಕಲು. ಮೇಲೆ ಗೆರೆಗಳನ್ನು ಕೊರೆದಿದ್ದರು. ಕಲ್ಲಿಗೆ ಕಲ್ಲು ಕೂಡಿಸಿದಾಗ ಗೆರೆಗೆ ಗೆರೆ ಕೂಡಬೇಕು, ಅದೊಂದೇ ನಿಯಮ. ಜೊತೆಗೆ ಒಂದು ನಕ್ಷೆ, ಪ್ರತಿ ಕಲ್ಲಿಗೂ ನಂಬರ್.

"ಗಂಗಣ್ಣ, ಈ ಡಿಸೈನು ತಿರುಗಿ ಬರಲ್ಲ" ಅಂದರು ಮೇಡಂ.

"ಬರದೇ ಎಲ್ಲಿಗೋಗುತ್ತೆ ಮೇಡಂ? ಎಲ್ಲಾ ಡಿಸೈನೂ ತಿರುಗಿ ಬರುತ್ತೆ. ನಾಲ್ಕು ಕಲ್ಲಿಗೆ ಬರಬೋದು, ನಲವತ್ತಕ್ಕೆ ಬರಬೋದು."

"ಇಲ್ಲಿಂದ ನಿಮ್ಮ ಶಿವಗಂಗೆ ತನಕ ಹಾಕ್ಕೊಂಡು ಹೋದ್ರೂ ಬರಲ್ಲ."

ಓದಿದವರು, ಹೊಟ್ಟೆ ತುಂಬಿದ ಮಾತು ಅಂದುಕೊಂಡೆ. ಮೂವತ್ತು ವರ್ಷದಿಂದ ನೆಲ ಹಾಕುತ್ತಿದ್ದೇನೆ. ಡಿಸೈನು ಎಲ್ಲಿ ತಿರುಗುತ್ತೆ ಅಂತ ಹಿಡಿದುಬಿಟ್ಟರೆ ಮಿಕ್ಕಿದ್ದನ್ನ ಕಣ್ಣು ಮುಚ್ಚಿ ಕೂರಿಸಬಹುದು. ಮೊದಲ ಎರಡು ದಿನ ನಕ್ಷೆ ನೋಡಿದೆ. ಮೂರನೇ ದಿನ ಅದು ಪೇಸ್ಟಿನ ನೀರಿಗೆ ಬಿದ್ದು ನೆಂದಿತು. ಸುತ್ತಿ ಮೂಲೆಗೆ ಇಟ್ಟೆ.

"ಭಾವ, ನಂಬರ್ ನೋಡ್ಕೊಳಿ" ಅಂದ ಮುನಿರಾಜು.

"ಲೇ, ನಂಬರ್ ನೋಡ್ಕೊಂಡು ಕಲ್ಲು ಹಾಕೋನು ಮೇಸ್ತ್ರಿ ಅಲ್ಲ ಕಣೋ, ಪೋಸ್ಟ್‌ಮ್ಯಾನು."

"ಪೋಸ್ಟ್‌ಮ್ಯಾನಿಗೆ ಪೆನ್ಷನ್ನಾದ್ರೂ ಬತ್ತದೆ ಭಾವ."

ಆ ವಿಭಾಗದಲ್ಲಿ ಒಂದು ಪದ್ಧತಿ. ಬುಧವಾರ ಮೂರು ಗಂಟೆಗೆ ನಮ್ಮ ಕಟಿಂಗ್ ಮೆಷಿನ್ನು ಬಂದ್. ಪಕ್ಕದ ಹಳೇ ರೂಮಿನಲ್ಲಿ ಸೆಮಿನಾರು ನಡೆಯುತ್ತಿತ್ತು. ಎರಡೂವರೆಗೆ ಟೀ, ಬಿಸ್ಕತ್ತು. ಮೊದಲ ಬುಧವಾರ ನಮ್ಮನ್ನೂ ಟೀಗೆ ಕರೆದರು. ಟೀ ಕುಡಿದು ಲೋಟ ಹಿಡಿದುಕೊಂಡೇ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ. ಕೆಲಸವಂತೂ ಇರಲಿಲ್ಲ. ಮುನಿರಾಜು ಐದು ನಿಮಿಷಕ್ಕೆ ಎದ್ದು ಮರದ ಕೆಳಗೆ ಹೋಗಿ ಮಲಗಿದ. ನಾನು ಏಳಲಿಲ್ಲ.

ಏನು ಅರ್ಥವಾಯಿತು ಅಂತ ಕೇಳಬೇಡಿ. ಮಾತೆಲ್ಲ ಇಂಗ್ಲಿಷು. ಆದರೆ ಮುಖ ಕನ್ನಡದ್ದೇ ಅಲ್ಲವಾ? ಬೇರೆ ಊರಿನಿಂದ ಬಂದ ಒಬ್ಬರು ಹಲಗೆ ತುಂಬ ಬರೆದರು. ನಡುವೆ ನಿಂತರು. ಬರೆದದ್ದನ್ನೇ ನೋಡುತ್ತಾ ನಾಲ್ಕು ನಿಮಿಷ ಹಾಗೇ ನಿಂತಿದ್ದರು. ಗೋಡೆ ಗಡಿಯಾರ ನೋಡಿ ಹೇಳುತ್ತಿದ್ದೇನೆ. ಯಾರೂ ಕೆಮ್ಮಲಿಲ್ಲ, ನಗಲಿಲ್ಲ, ಫೋನ್ ತೆಗೆಯಲಿಲ್ಲ. ನಮ್ಮ ಕೆಲಸದಲ್ಲಿ ಒಬ್ಬ ನಾಲ್ಕು ನಿಮಿಷ ಗೋಡೆ ನೋಡುತ್ತಾ ನಿಂತರೆ ಮಾರನೇ ದಿನ ಬರಬೇಡ ಅಂತೀವಿ. ಇಲ್ಲಿ ಇಪ್ಪತ್ತು ಜನ ಅವರ ಜೊತೆ ನಿಂತುಬಿಟ್ಟಿದ್ದರು, ಕೂತಲ್ಲೇ. ಗರ್ಭಗುಡಿಯ ತೆರೆ ಸರಿಯೋಕೆ ಮುಂಚೆ ಒಂದು ನಿಶ್ಶಬ್ದ ಇರುತ್ತದಲ್ಲ, ಅಂಥದ್ದು.

ಮೇಡಂ ಬೆಳಿಗ್ಗೆ ಹೊತ್ತು ಒಂದು ದೊಡ್ಡ ಪಾಠ ಮಾಡುತ್ತಿದ್ದರು, ಪಿಎಚ್.ಡಿ. ಮಕ್ಕಳಿಗೆ. ಕೂರುತ್ತಿದ್ದವರು ಮೂರೇ ಜನ. ಮೂರು ಜನಕ್ಕೆ ಎರಡು ಗಂಟೆ, ಮುನ್ನೂರು ಜನ ಇದ್ದಾರೇನೋ ಅನ್ನೋ ಹಾಗೆ. ಒಂದು ದಿನ ಮಳೆಗೆ ಬಸ್ಸು ಸಿಗದೆ ಇಬ್ಬರು ಬರಲಿಲ್ಲ. ಒಬ್ಬಳೇ ಹುಡುಗಿ. ಮೇಡಂ ಅವತ್ತೂ ಹಲಗೆ ಮೇಲಿನ ಒಂದು ಗೆರೆ ಕಡಿಮೆ ಮಾಡಲಿಲ್ಲ. ಆ ಹುಡುಗಿ ಚೈತ್ರ, ಹೊಸಕೋಟೆ ತಾಲ್ಲೂಕು ನಂದಗುಡಿ ಕಡೆಯವಳು. ಮನೆಯಲ್ಲಿ ಹಸು ಇವೆ, ಡೈರಿಗೆ ಹಾಲು ಹಾಕಿ ಬಸ್ಸು ಹತ್ತುತ್ತಿದ್ದಳು. ನಮಗೆ ಎಲ್ಲದಕ್ಕೂ ಕನ್ನಡದ ದಾರಿ ತೋರಿಸುತ್ತಿದ್ದವಳು ಅವಳೇ. "ಅಂಕಲ್, ಇವತ್ತು ಇವರು ಏಳು ಆಯಾಮದ ಚೆಂಡಿನ ಬಗ್ಗೆ ಮಾತಾಡ್ತಾರೆ" ಅನ್ನುವಳು. ಏಳು ಆಯಾಮ ಅಂದರೇನು ಅಂತ ನಾನು ಕೇಳಲಿಲ್ಲ. "ಹೂಂ, ಹೂಂ" ಅಂದೆ. ನನ್ನ ತೀರ್ಮಾನ ನಿಮಗೆ ಗೊತ್ತಿದೆಯಲ್ಲ.

ಹೀಗೆ ಮೂರು ವಾರ. ನೆಲ ಮುಕ್ಕಾಲು ಮುಗಿದಿತ್ತು. ಡಿಸೈನು ತಿರುಗಿ ಬಂದಿರಲಿಲ್ಲ. ಇನ್ನೇನು ಬಂತು ಅನ್ನಿಸುತ್ತಿತ್ತು. ಐದು ಬೂದು ಕಲ್ಲು ಸೇರಿ ನಕ್ಷತ್ರ, ಅದರ ಸುತ್ತ ಸಣಕಲು. ಹಾಂ, ಇದೇ, ಆ ಬಾಗಿಲ ಹತ್ತಿರವೂ ಇದೇ ಇತ್ತು ಅಂತ ಅಲ್ಲಿಗೆ ಓಡಿ ನೋಡಿದರೆ ಎರಡು ಕಲ್ಲಿನ ಆಚೆ ಬೇರೆ ದಾರಿ ಹಿಡಿದಿರುತ್ತಿತ್ತು. ಹೆಂಡತಿಯ ಕಡೆಯ ನೆಂಟರ ಹಾಗೆ. ಮುಖ ಎಲ್ಲಾ ಒಂದೇ, ಹತ್ತಿರ ಹೋದರೆ ಬೇರೆಯವರು.

ಒಂದು ಸೋಮವಾರ, ಪೂರ್ವದ ಗೋಡೆಗೆ ಎರಡಡಿ ದೂರದಲ್ಲಿ ಸಿಕ್ಕಿಹಾಕಿಕೊಂಡೆ. ಒಂದು ಜಾಗ ಉಳಿಯಿತು. ಬೂದು ಕಲ್ಲು ಅಳತೆಗೆ ಕೂರುತ್ತಿತ್ತು, ಗೆರೆ ಕೂಡುತ್ತಿರಲಿಲ್ಲ. ಹೇಗೆ ತಿರುಗಿಸಿದರೂ ಕೂಡಲಿಲ್ಲ. ಕಪ್ಪುದು ಆ ಜಾಗಕ್ಕೆ ಬರುತ್ತಲೇ ಇರಲಿಲ್ಲ. ನೆಂದ ನಕ್ಷೆ ಬಿಚ್ಚಿ ನೋಡಿದರೆ ನನ್ನ ನೆಲ ಎಲ್ಲಿ ಅದನ್ನ ಬಿಟ್ಟು ಹೋಗಿದೆ ಅಂತಲೇ ತಿಳಿಯಲಿಲ್ಲ. ಆದರೆ ನಾನು ಹಾಕಿದ ಒಂದೊಂದು ಕಲ್ಲೂ ಸರಿಯಿತ್ತು! ಒಂದೊಂದು ಗೆರೆಯೂ ಕೂಡಿತ್ತು. ಎಲ್ಲವೂ ಸರಿಯಿದ್ದು ಕೊನೆಗೆ ತಪ್ಪಾಗೋದು ಅಂದರೇನು?

ಕೂರಿಸಿದ ಕಲ್ಲನ್ನು ನಾನು ಎಬ್ಬಿಸಿದವನಲ್ಲ. ಗಂಗಣ್ಣ ಕೂರಿಸಿದ ಕಲ್ಲು ಏಳಲ್ಲ ಅಂತ ನೆಲಮಂಗಲದಲ್ಲಿ ಮಾತೇ ಇದೆ. ಆ ಮಾತನ್ನು ಹಬ್ಬಿಸಿದವನೂ ಮುಖ್ಯವಾಗಿ ನಾನೇ. ನಮ್ಮ ಕಸುಬಿನವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಒಂದು ಬೂದು ಕಲ್ಲನ್ನು ಮೂರು ತುಂಡು ಕೊಯ್ದೆ. ಗೆರೆ ಕೂಡುವ ಹಾಗೆ ಒಂದೊಂದನ್ನೂ ತಿರುಗಿಸಿ ಕೂರಿಸಿ, ಸಂದಿಗೆ ಅದೇ ಬಣ್ಣದ ಪುಡಿ ತುಂಬಿ ಒರೆಸಿದೆ. ಅಲ್ಲಿ ಹಳೇ ಪುಸ್ತಕಗಳ ಬೀರು ಬರುವುದಿತ್ತು, ಶುಕ್ರವಾರ.

ಮುನಿರಾಜು ನೋಡಿದ. "ಬೀರು ಬಂದ್ರೆ ಮುಗೀತು ಬಿಡಿ ಭಾವ, ದೇವ್ರಿಗೂ ಕಾಣಲ್ಲ" ಅಂದ. ಅವನು ಸಮಾಧಾನಕ್ಕೆ ಅಂದದ್ದು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಲು ನನಗೆ ಆಗಲಿಲ್ಲ.

ಬುಧವಾರ ಬಂತು. ಅವತ್ತು ಮಾತಾಡುವ ಸರದಿ ಚೈತ್ರಳದ್ದು. ಇಸ್ತ್ರಿ ಹಾಕಿದ ಚೂಡಿದಾರ, ತಲೆಗೆ ಕನಕಾಂಬರ. ಹಲಗೆಯ ಎಡದ ತುದಿಯಿಂದ ಶುರು ಮಾಡಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾ ಹೋದಳು. ಮುಂದಿನ ಬೆಂಚಿನಲ್ಲಿ ನಿವೃತ್ತರಾದ ರಾಘವೇಂದ್ರ ಸಾರ್ ಕೂತಿದ್ದರು. ಎಂಬತ್ತು ದಾಟಿದವರು. ಎಲ್ಲಾ ಸೆಮಿನಾರಿನಲ್ಲೂ ಊರುಗೋಲಿನ ಮೇಲೆ ಗದ್ದ ಇಟ್ಟು ನಿದ್ದೆ ಮಾಡುತ್ತಿದ್ದಾರೆ ಅಂತಲೇ ನಾನು ತಿಳಿದಿದ್ದೆ. ಮುಕ್ಕಾಲು ಗಂಟೆ ಆದ ಮೇಲೆ, ಕಣ್ಣು ಅರ್ಧ ತೆರೆದು, ಏನೋ ಒಂದು ಸಣ್ಣದಾಗಿ ಕೇಳಿದರು. ಎರಡನೇ ಸಾಲಿನ ಕಡೆ ಬೆರಳು ತೋರಿಸಿದರು, ಅಷ್ಟೆ.

ಚೈತ್ರ ತಿರುಗಿ ಆ ಸಾಲು ನೋಡಿದಳು. ನೋಡುತ್ತಲೇ ಇದ್ದಳು. ಅವಳ ಕತ್ತಿನ ಹಿಂದೆ ಬೆವರು ಇಳಿದದ್ದು ನನಗೆ ಹಿಂದಿನ ಬೆಂಚಿನಿಂದ ಕಂಡಿತು. ಆಮೇಲೆ ನಮ್ಮ ಕಡೆ ತಿರುಗಿದಳು. ದನಿ ಮಾತ್ರ ಗಟ್ಟಿ. ಅದು ನನಗೂ ತಿಳಿಯುವಷ್ಟು ಸಣ್ಣ ಇಂಗ್ಲಿಷು: ಇದು ತಪ್ಪು, ಯಾಕೆ ತಪ್ಪಾಯಿತು ನನಗೆ ಗೊತ್ತಿಲ್ಲ, ಥ್ಯಾಂಕ್ ಯೂ ಸಾರ್.

ನಾನು ಕ್ಲಾಸೆಲ್ಲ ನಗೋದನ್ನ ಕಾಯುತ್ತಿದ್ದೆ.

ಅವರು ಚಪ್ಪಾಳೆ ತಟ್ಟಿದರು. ಗೆದ್ದವರಿಗೆ ತಟ್ಟುತ್ತಾರಲ್ಲ, ಹಾಗೆ. ಮುದುಕರು ಊರುಗೋಲು ಕೆಳಗಿಟ್ಟು ಎರಡೂ ಕೈಯಿಂದ ತಟ್ಟಿದರು.

ಹೊರಗೆ ನಲ್ಲಿಯ ಹತ್ತಿರ ಅವಳು ಕೈ ತೊಳೆಯುತ್ತಿದ್ದಳು. "ಅಳು ಬರ್ಲಿಲ್ವೇನಮ್ಮಾ?" ಅಂದೆ.

"ಬಂತು ಅಂಕಲ್. ಬಾತ್‌ರೂಮಲ್ಲಿ ಅತ್ಕೊಂಡು ಬಂದೆ. ಎಂಟು ತಿಂಗಳ ಕೆಲ್ಸ ಅದು."

"ಮತ್ತೆ ಆ ಮುದುಕರಿಗೆ ಥ್ಯಾಂಕ್ಸ್ ಯಾಕಂದೆ?"

"ಅವ್ರು ಹೇಳ್ದೇ ಹೋಗಿದ್ರೆ ಇನ್ನೂ ಎಂಟು ತಿಂಗಳು ಅದರ ಮೇಲೇ ಕಟ್ತಾ ಇರ್ತಿದ್ದೆ." ದುಪಟ್ಟಾಗೆ ಕೈ ಒರೆಸಿಕೊಂಡು ನಕ್ಕಳು. "ನಿಮ್ ಕೆಲ್ಸದಲ್ಲೂ ಹಂಗೇ ಅಲ್ವಾ?"

ನಮ್ಮ ಕೆಲಸದಲ್ಲಿ ಬೀರು ಇಡುತ್ತೇವೆ ತಾಯಿ, ಅನ್ನಬೇಕಿತ್ತು. ಅನ್ನಲಿಲ್ಲ. ನೇರವಾಗಿ ಮೇಡಂ ರೂಮಿಗೆ ಹೋದೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ, ಯಾಕೋ.

"ಮೇಡಂ, ಪೂರ್ವದ ಗೋಡೆ ಹತ್ರ ಒಂದು ಕಲ್ಲು ಕೊಯ್ದು ಕೂರಿಸಿದ್ದೀನಿ. ನಕ್ಷೆ ಬಿಟ್ಟು ಹಾಕ್ದೆ. ಎಲ್ಲಿ ತಪ್ಪಿದೆ ಅಂತ..." ಆ ಮಾತು ಹೊರಗೆ ಬರೋಕೆ ಮೂವತ್ತು ವರ್ಷದ ಮೇಲಾಗಿತ್ತು. "ಎಲ್ಲಿ ತಪ್ಪಿದೆ ಅಂತ ನಂಗೊತ್ತಿಲ್ಲ."

ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಮೇಡಂ ಕುರ್ಚಿಯಿಂದ ಹಾರಿ ಎದ್ದರು. "ಸಿಕ್ಕಿಹಾಕ್ಕೊಂಡ್ರಾ? ನಿಜವಾಗ್ಲೂ ಸಿಕ್ಕಿಹಾಕ್ಕೊಂಡ್ರಾ? ಬನ್ನಿ, ತೋರಿಸಿ!" ಅಂತ ಓಡಿದರು. ಕಾರಿಡಾರಿನಲ್ಲಿ ಸಿಕ್ಕವರನ್ನೆಲ್ಲ ಕರೆದರು. ಐದು ನಿಮಿಷದಲ್ಲಿ ಅಷ್ಟೂ ಜನ ನನ್ನ ನೆಲದ ಮೇಲೆ ಮಂಡಿಯೂರಿದ್ದರು. ಮದುವೆಮನೆಯಲ್ಲಿ ಓಲೆ ಕಳೆದುಹೋದರೆ ಹುಡುಕುತ್ತಾರಲ್ಲ, ಹಾಗೆ. ಗೆರೆಯ ಮೇಲೆ ಬೆರಳು ಓಡಿಸುತ್ತಾ ಹಿಂದಕ್ಕೆ, ಹಿಂದಕ್ಕೆ. ಅವ್ವನ ನೆನಪಾಯಿತು. ರಾಘವೇಂದ್ರ ಸಾರ್‌ಗೆ ಬಗ್ಗಲು ಆಗದು, ಊರುಗೋಲಿನಿಂದ ಒಂದು ಕಲ್ಲು ತಟ್ಟಿದರು. ಸಿಕ್ಕಿಹಾಕಿಕೊಂಡ ಜಾಗದಿಂದ ಏಳಡಿ ದೂರ.

"ಇದನ್ನ ಹೀಗೆ ಯಾಕೆ ಕೂರಿಸಿದ್ರಿ ಮೇಸ್ತ್ರಿ?"

"ಎರಡು ತರವೂ ಕೂರ್ತಿತ್ತು ಸಾರ್. ನನ್ನ ಕಣ್ಣಿಗೆ ಚೆಂದ ಕಂಡಂಗೆ ಕೂರಿಸ್ದೆ."

ಮುದುಕರು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ನಾವೂ ಹಾಗೇ ಮಾಡೋದು."

ಮೇಡಂ ನನ್ನನ್ನು ಹಳೇ ರೂಮಿಗೆ ಕರೆದುಕೊಂಡು ಹೋಗಿ ಕೈಗೆ ಸೀಮೆಸುಣ್ಣ ಕೊಟ್ಟರು. ಎಲ್ಲಿ ಎರಡು ದಾರಿ ಇತ್ತು, ಯಾವುದನ್ನ ಹಿಡಿದೆ, ಹಲಗೆ ಮೇಲೆ ಬರೆದು ತೋರಿಸಿ ಅಂದರು. ಮನಸ್ಸು ಹೆದರಿತ್ತು, ಆದರೆ ಗೆರೆ ನೆಟ್ಟಗೇ ಬಂತು. ಕೈ ಮನಸ್ಸಿನ ಮಾತು ಕೇಳುವುದನ್ನು ಯಾವಾಗಲೋ ಬಿಟ್ಟಿದೆ. ಚೈತ್ರ ಮುಂದಿನ ಬೆಂಚಿನಲ್ಲಿ ಕೂತು ಅದನ್ನು ಬರೆದುಕೊಳ್ಳುತ್ತಿದ್ದಳು. ನಾನು ಬರೆದದ್ದನ್ನ! ಮುಗಿಸಿ, ರಾಘವೇಂದ್ರ ಸಾರ್ ಕಡೆ ತಿರುಗಿ ಕೇಳೇಬಿಟ್ಟೆ. "ಸಾರ್, ಈ ಕಲ್ಲು ಮುಂದೆ ಕೈ ಕೊಡುತ್ತೆ ಅಂತ ಕೂರಿಸೋವಾಗ್ಲೇ ತಿಳಿಯೋದು ಹೆಂಗೆ?"

"ಹತ್ತಿರದ್ದನ್ನಷ್ಟೇ ನೋಡಿದ್ರೆ ತಿಳಿಯಲ್ಲ."

"ಎಷ್ಟು ದೂರ ನೋಡ್ಬೇಕು? ಹತ್ತಡಿ? ಇಪ್ಪತ್ತಡಿ?"

"ನೀವು ಎಷ್ಟಡಿ ಅಂತ ಹೇಳಿದ್ರೂ, ಅದಕ್ಕಿಂತ ಆಚೆ ಹೋಗಿ ಕೈ ಕೊಡೋದು ಒಂದು ಇದ್ದೇ ಇರುತ್ತೆ."

ಎರಡೇ ತರದ ಕಲ್ಲು, ಒಂದೇ ನಿಯಮ, ನೋಡಿದರೆ ಮಕ್ಕಳಾಟ. ಅದರೊಳಗೆ ಇಷ್ಟು ದೊಡ್ಡದು ಅಡಗಿ ಕೂತಿತ್ತು, ಮತ್ತು ನಾನು ಅದರ ಮೇಲೆ ಮೂರು ವಾರ ಮಂಡಿಯೂರಿ ಕೂತಿದ್ದೆ, ಪೋಸ್ಟ್‌ಮ್ಯಾನನ್ನು ಹೀಯಾಳಿಸುತ್ತಾ. ಬೆಟ್ಟದ ನೆತ್ತಿಗೆ ಮೊದಲ ಸಲ ಹತ್ತಿದಾಗ ಕಾಲಡಿ ಝುಂ ಅಂದಿತ್ತು. ಹಲಗೆಯ ಮುಂದೆ ನಿಂತು ಹಾಗೇ ಅಂದಿತು.

ಗುರುವಾರ ಬೆಳಿಗ್ಗೆ ಎಬ್ಬಿಸೋಕೆ ಶುರು ಮಾಡಿದೆವು. ಮೊದಲ ಏಟು ನಾನೇ ಹಾಕಿದೆ, ಕೊಯ್ದ ಕಲ್ಲಿನ ಮೇಲೆ. ಮುನಿರಾಜು ಉಳಿ ಹಿಡಿದು, "ಗಂಗಣ್ಣ ಕೂರಿಸಿದ ಕಲ್ಲು ಏಳಲ್ಲ ಅಂತಿದ್ರಲ್ಲಾ ಭಾವ, ನಿಜ ಕಣ್ರೀ, ಏಳ್ತಾನೇ ಇಲ್ಲ ನನ್ಮಗಂದು" ಅಂದ. ನಾಲ್ಕು ದಿನ ಹಿಡಿಯಿತು, ಬೀರು ಮುಂದಿನ ವಾರಕ್ಕೆ ಹೋಯಿತು. ಈ ಸಲ ನಂಬರ್ ನೋಡಿಕೊಂಡೇ ಕೂರಿಸಿದೆ. ಬೀರು ಬರುವ ಜಾಗದಲ್ಲೂ ಗೆರೆಗೆ ಗೆರೆ ಕೂಡಿತು. ಈಗ ಅದರ ಮೇಲೆ ಬೀರು ನಿಂತಿದೆ, ಯಾರಿಗೂ ಕಾಣುವುದಿಲ್ಲ.

ಆ ಕಡೆ ಕೆಲಸವಿದ್ದರೆ ಈಗಲೂ ಬುಧವಾರ ಹೋಗುತ್ತೇನೆ. ಹಿಂದಿನ ಬೆಂಚು, ಟೀ. ಏಳು ಆಯಾಮ ಅಂದರೇನು ಅಂತ ಚೈತ್ರಳನ್ನು ಕೇಳಿದೆ, ನಂಗೊತ್ತಿಲ್ಲ ಕಣಮ್ಮ ಅಂತಲೇ ಕೇಳಿದೆ. ಅರ್ಧ ಗಂಟೆ ಹೇಳಿದಳು. ಇನ್ನೂ ಗೊತ್ತಾಗಿಲ್ಲ. ಅವಳು ಆ ಎರಡನೇ ಸಾಲನ್ನು ಬಿಟ್ಟು ಬೇರೆ ಕಡೆಯಿಂದ ಶುರು ಮಾಡಿದ್ದಾಳೆ.

ನೆಂಟರಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಮುದ್ದೆ ಆರಿಹೋಗಿತ್ತು, ಹೆಂಡತಿ ಹೇಳಿದ ಹಾಗೇ. ಹೋಗುವಾಗ ಅವರು, "ಅಷ್ಟು ವರ್ಷ ದುಡಿದು ಏನೇನು ಮಾಡ್ಕೊಂಡೆ ಗಂಗಣ್ಣ?" ಅಂದರು. ಹೇಳಿದೆ. ಅರ್ಧ ಏಳನೇ ಕ್ಲಾಸು. ಕರಣೆ ಮೂರು. ರಬ್ಬರ್ ಸುತ್ತಿಗೆ ಎರಡು. ಕಟಿಂಗ್ ಮೆಷಿನ್ನು ಒಂದು. ಅಪ್ಪನ ಮೂಲೆಮಟ್ಟ ಒಂದು. ಕೂರಿಸಿ ಎಬ್ಬಿಸಿದ ಕಲ್ಲು ನಲವತ್ತಮೂರು, ಅದರಲ್ಲಿ ಮನೆಗೆ ತಂದದ್ದು ಒಂದು. ಅಂಗಿ ಜೇಬಿನಲ್ಲಿ, ಪೆನ್ಸಿಲ್ ಪಕ್ಕ, ವಾಪಸು ಕೊಡಲು ಮರೆತ ಸೀಮೆಸುಣ್ಣ ಅರ್ಧ.